ಕಳ್ಳನ ಮುಖ ಗುರುತು ಸಿಗುವ ಹಾಗೆ ಸಿಸಿಟಿವಿ ಹಾಕಿಸುವುದು ಹೇಗೆ?

ಹೋದ ವರ್ಷ ನಮ್ಮ ಬೀದಿಯಲ್ಲಿ ಒಂದು ಸ್ಕೂಟರ್ ಕಳುವಾಯಿತು. ಐದು ಮನೆಗಳ ಕ್ಯಾಮೆರಾ ವಿಡಿಯೊ ತೆಗೆದು ನೋಡಿದೆವು. ಐದರಲ್ಲೂ ಕಳ್ಳ ಇದ್ದ. ಒಂದರಲ್ಲಿ ಬರೀ ನೆತ್ತಿ, ಇನ್ನೊಂದರಲ್ಲಿ ಮುಖದ ಜಾಗದಲ್ಲಿ ಬಿಳಿ ಮುದ್ದೆ, ಮತ್ತೊಂದರ ಗಡಿಯಾರ ನಲವತ್ತು ನಿಮಿಷ ಹಿಂದೆ. ‘ಇದರಲ್ಲಿ ಯಾರು ಅಂತ ಹುಡುಕೋದು ಸಾರ್?’ ಎಂದರು ಠಾಣೆಯವರು. ಆಮೇಲೆ ಒಬ್ಬೊಬ್ಬರೇ ಕ್ಯಾಮೆರಾ ಸರಿ ಮಾಡಿಸುವಾಗ ಏಣಿ ಹಿಡಿದು ನಿಂತು ನಾನು ಕಲಿತದ್ದು ಇಷ್ಟು.

ಹಂತ 1: ಇಡೀ ಬೀದಿ ತೋರಿಸುವ ಆಸೆ ಬಿಡಿ. ಬರುವವರು ದಾಟಲೇಬೇಕಾದ ಒಂದು ಜಾಗ ಆರಿಸಿ. ಮನೆಗಾದರೆ ಗೇಟು, ಅಂಗಡಿಗಾದರೆ ಬಾಗಿಲು.

ಹಂತ 2: ಲೆನ್ಸ್. ಜಾಸ್ತಿ ಜನ ಎಡವುವುದು ಇಲ್ಲೇ. ಎಲ್ಲರೂ ಕೇಳುವುದು ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ಕೇಳಬೇಕಾದ್ದು ‘ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್?’ ಎಂದು. ಪಿಕ್ಸೆಲ್ ಅಂದರೆ ಚಿತ್ರ ಮೂಡಿಸುವ ಚುಕ್ಕಿ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ ಅಪರಿಚಿತನ ಗುರುತು ಹಿಡಿಯಲು ಮೀಟರ್‌ಗೆ 250 ಪಿಕ್ಸೆಲ್ ಬೇಕು. ಪರಿಚಯದವರಾದರೆ 125 ಸಾಕು. 25 ಇದ್ದರೆ ‘ಯಾರೋ ಇದ್ದಾರೆ’ ಎಂದಷ್ಟೇ ಗೊತ್ತಾಗುತ್ತದೆ.

2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಅಡ್ಡಕ್ಕೆ ಇರುವುದು 1920 ಪಿಕ್ಸೆಲ್. ಅದನ್ನು 250ರಿಂದ ಭಾಗಿಸಿ: ಏಳೂವರೆ ಮೀಟರ್ ಚಿಲ್ಲರೆ. ಅಂದರೆ ಗೇಟಿನ ಹತ್ತಿರ ಚಿತ್ರದ ಅಗಲ ಅದಕ್ಕಿಂತ ಹೆಚ್ಚಾದರೆ ಮುಖ ಸಿಗುವುದಿಲ್ಲ. ಲೆನ್ಸಿನ ಎಂಎಂ ಸಂಖ್ಯೆ ಹೆಚ್ಚಿದಷ್ಟೂ ನೋಟ ಕಿರಿದು. ಸಾಮಾನ್ಯವಾಗಿ ಕೊಡುವ 2.8 ಎಂಎಂ ಲೆನ್ಸ್ ಐದು ಮೀಟರ್ ದೂರದಲ್ಲೇ ಸುಮಾರು 13 ಮೀಟರ್ ಅಗಲ ತೋರಿಸುತ್ತದೆ. ನೋಡಲು ಚೆಂದ, ಕೆಲಸಕ್ಕೆ ಬಾರದು. 6 ಎಂಎಂ ಲೆನ್ಸಿನಲ್ಲಿ ಎಂಟು ಮೀಟರ್ ದೂರದಲ್ಲೂ ಆ ಅಗಲ ಏಳು ಮೀಟರ್ ಆಸುಪಾಸಿನಲ್ಲೇ ಇರುತ್ತದೆ. ದುಡ್ಡಿದ್ದರೆ ಎರಡೂ ಹಾಕಿಸಿ. ಒಂದೇ ಅಂದರೆ 6 ಎಂಎಂ, ನನ್ನ ಮಟ್ಟಿಗೆ ಚರ್ಚೆಯೇ ಇಲ್ಲ. ‘ಆಮೇಲೆ ಜೂಮ್ ಮಾಡಿ ನೋಡಬಹುದು’ ಎನ್ನುವವರನ್ನು ನಂಬಬೇಡಿ. ಡಿಜಿಟಲ್ ಜೂಮ್ ಇರುವ ಚುಕ್ಕಿಗಳನ್ನೇ ದಪ್ಪ ಮಾಡುತ್ತದೆ, ಅಷ್ಟೆ.

ಹಂತ 3: ಎತ್ತರ ಏಳೆಂಟು ಅಡಿ. ಹನ್ನೆರಡು ಅಡಿ ಮೇಲೆ ಹಾಕಿದರೆ ಟೋಪಿಯ ಚಿತ್ರ ಬರುತ್ತದೆ. ಕೈಗೆ ಸಿಗುತ್ತದೆ ಎಂಬ ಭಯವಿದ್ದರೆ ಎರಡನೇ ಕ್ಯಾಮೆರಾ ಇದನ್ನು ನೋಡುತ್ತಿರಲಿ.

ಹಂತ 4: ರಾತ್ರಿ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ತಾನಾಗಿಯೇ ಶಟರ್ ನಿಧಾನ ಮಾಡುತ್ತದೆ, ಅಂದರೆ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ತೆಗೆದುಕೊಳ್ಳುತ್ತದೆ. ಸೆಕೆಂಡಿನ 1/25 ಭಾಗ ತೆರೆದಿದ್ದರೆ, 30 ಕಿ.ಮೀ. ವೇಗದ ಸ್ಕೂಟರ್ ಅಷ್ಟರಲ್ಲಿ 33 ಸೆಂ.ಮೀ. ಸರಿದಿರುತ್ತದೆ. ಸ್ಕೂಟರಿನ ಹಿಂದಿನ ನಂಬರ್ ಪ್ಲೇಟ್ ಅಗಲವೇ 20 ಸೆಂ.ಮೀ. ಅಡ್ಡ ಹಾದುಹೋದರೆ ಉಳಿಯುವುದು ಒಂದು ಗೀರು. ನಡೆದು ಬರುವವರಿಗೆ 1/100 ಇಡಿ. ಚಿತ್ರ ಕತ್ತಲಾಗುತ್ತದೆ, ಅದಕ್ಕೆ ಗೇಟಿಗೊಂದು ಎಲ್‌ಇಡಿ ಬಲ್ಬ್ ಹಾಕಿ. ದುಬಾರಿ ಕ್ಯಾಮೆರಾಗಿಂತ ಆ ಬಲ್ಬ್ ಹೆಚ್ಚು ಕೆಲಸ ಮಾಡುತ್ತದೆ. ನಂಬರ್ ಪ್ಲೇಟ್ ಬೇಕೇ ಬೇಕಿದ್ದರೆ 1/500ಕ್ಕೆ ಇಟ್ಟ ಬೇರೆಯದೇ ಕ್ಯಾಮೆರಾ ಬೇಕು.

ಸಜ್ಜಾ, ಗೋಡೆ ತೀರಾ ಹತ್ತಿರವಿದ್ದರೆ ಕ್ಯಾಮೆರಾ ರಾತ್ರಿ ಬಿಡುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ಚಿತ್ರ ಮಂಜು ಕವಿದಂತಾಗುತ್ತದೆ. ಜೇಡರ ಬಲೆಯೂ ಅಷ್ಟೇ, ತಿಂಗಳಿಗೊಮ್ಮೆ ಪೊರಕೆ ಆಡಿಸಿ. ಕ್ಯಾಮೆರಾ ಹಾಕುವವರು ಹಗಲಲ್ಲಿ ತೋರಿಸಿ ದುಡ್ಡು ಕೇಳುತ್ತಾರೆ. ಕೊಡಬೇಡಿ. ರಾತ್ರಿ ಒಂಬತ್ತಕ್ಕೆ ಮನೆಯವರೊಬ್ಬರನ್ನು ಗೇಟಿನಿಂದ ನಡೆಸಿ. ಲೈವ್ ನೋಡಬೇಡಿ, ರೆಕಾರ್ಡ್ ಆದದ್ದನ್ನು ನಿಲ್ಲಿಸಿ ನೋಡಿ. ಮುಖ ಗೊತ್ತಾಯಿತಾ? ಆಮೇಲೆ ದುಡ್ಡು.

ಹಂತ 5: ಹಾರ್ಡ್ ಡಿಸ್ಕ್. 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್ ಡೇಟಾ) ಬಿಟ್‌ರೇಟ್‌ನಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ನುಂಗುತ್ತದೆ. ನಾಲ್ಕು ಕ್ಯಾಮೆರಾಗೆ 1 ಟಿಬಿ ಹಾಕಿಸಿದರೆ ಹನ್ನೊಂದು ದಿನಕ್ಕೆ ಹಳೆಯದು ಅಳಿಸಿಹೋಗುತ್ತದೆ. ಜನ ಸೇರುವ ಜಾಗಗಳಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಕೇಳುವುದು 30 ದಿನ. ದಿನ ಹೆಚ್ಚಿಸಲು ಬಿಟ್‌ರೇಟ್ ಇಳಿಸುವ ಅಡ್ಡದಾರಿ ಹಿಡಿಯಬೇಡಿ, ಮುಖವೇ ಕಲಸಿಹೋಗುತ್ತದೆ.

ಹಂತ 6: ಗಡಿಯಾರ ಇಂಟರ್‌ನೆಟ್‌ನಿಂದ ಸರಿಹೋಗುವಂತೆ ಎನ್‌ಟಿಪಿ ಆನ್ ಮಾಡಿ.

ಹಂತ 7: ಪೊಲೀಸರಿಗೆ ಕೊಡುವಾಗ ಟಿವಿ ಪರದೆಯನ್ನು ಮೊಬೈಲಲ್ಲಿ ಶೂಟ್ ಮಾಡಿ ವಾಟ್ಸ್‌ಆ್ಯಪ್ ಮಾಡಬೇಡಿ. ಉಳಿದಿದ್ದ ಗುಣಮಟ್ಟವೂ ಅಲ್ಲೇ ಹೋಗುತ್ತದೆ. ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನಿಂದ ನೇರ ಪೆನ್‌ಡ್ರೈವ್‌ಗೆ ಮೂಲ ಫೈಲ್ ತೆಗೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂ ಪ್ರಕಾರ, ಅದರ ಜೊತೆ ಪ್ರಮಾಣಪತ್ರ ಬೇಕು. ಫೈಲಿನ ಹ್ಯಾಶ್ ಸಂಖ್ಯೆಯೂ (ಫೈಲ್ ಸ್ವಲ್ಪ ಬದಲಾದರೂ ಬದಲಾಗುವ, ಅದರ ಬೆರಳಚ್ಚಿನಂಥ ಸಂಖ್ಯೆ) ಅದರಲ್ಲಿರಬೇಕು.

ಪಾಸ್‌ವರ್ಡ್ ಬರೆದ ಚೀಟಿಯನ್ನು ಕರೆಂಟ್ ಬಿಲ್ ಇಡುವ ಕಡೆಯೇ ಇಡಿ. ನಮ್ಮ ಐದು ಮನೆಗಳಲ್ಲಿ ಒಂದರ ಪಾಸ್‌ವರ್ಡ್ ಕ್ಯಾಮೆರಾ ಹಾಕಿದ ಹುಡುಗನಿಗೆ ಮಾತ್ರ ಗೊತ್ತಿತ್ತು. ಅವನು ಊರಿಗೆ ಹೋಗಿದ್ದ. ಬರುವುದಕ್ಕೆ ಮೂರು ದಿನ ಹಿಡಿಯಿತು.