ಮೊಣಕೈ ಒಡೆಯದ ಮಳೆಗಾಲ

ಈ ಸಲ ಜೂನ್‌ನಿಂದ ಕೈಲ್‌ಪೊಳ್ದ್ ಹಬ್ಬದ ತನಕ, ಅಂದರೆ ಸೆಪ್ಟೆಂಬರ್ ತನಕ, ನನ್ನ ಮೊಣಕೈ ಒಡೆಯಲಿಲ್ಲ. ಸೋರಿಯಾಸಿಸ್ (ಚರ್ಮ ಕೆಂಪಾಗಿ ಹೊಟ್ಟೇಳುವ ಕಾಯಿಲೆ) ಇಟ್ಟುಕೊಂಡು ಕೊಡಗಿನ ಮಳೆಯಲ್ಲಿ ತೋಟ ಸುತ್ತುವವರಿಗೆ ಇದು ಸಣ್ಣ ಮಾತಲ್ಲ ಅಂತ ಗೊತ್ತು. ನಾನು ಮಾಡಿದ್ದು ಇಷ್ಟೇ, ಚರ್ಮ ಚೆನ್ನಾಗಿರುವಾಗಲೇ ಮದ್ದು ಹಚ್ಚಿದೆ. "ಏನೂ ಇಲ್ಲದ ಕಡೆ ಮುಲಾಮು ಯಾಕೆ ದಂಡ ಮಾಡ್ತೀಯಾ?" ಅಂತ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಈಗ ಯಾರೂ ನಗುತ್ತಿಲ್ಲ.

ಅದಕ್ಕೆ ಮುಂಚೆ ದುಡ್ಡು ಸುರಿದದ್ದು ಕೇಳಿ. ಮೈಸೂರಿಗೆ ಹೋಗಿ ನ್ಯಾರೋಬ್ಯಾಂಡ್ ಯುವಿಬಿ ಲೈಟ್, ಅಂದರೆ ಚರ್ಮಕ್ಕೆ ನೇರಳಾತೀತ ಬೆಳಕು, ಹಾಕಿಸಿಕೊಂಡೆ. ಗುಣ ಕಾಣುತ್ತದೆ, ಸುಳ್ಳಲ್ಲ. ಆದರೆ ವಾರಕ್ಕೆ 2-3 ಸಲ ಹೋಗಬೇಕು. ಮಡಿಕೇರಿಯಿಂದ ಸುಮಾರು 120 ಕಿ.ಮೀ. ಬಸ್ಸು, ಊಟ, ಫೀಸು ಸೇರಿ ಸಲಕ್ಕೆ ಸಾವಿರ ದಾಟುತ್ತಿತ್ತು. ಕಾಫಿ ಕುಯ್ಲು ಶುರುವಾದ ಮೇಲೆ ಯಾರಿಗೆ ಪುರುಸೊತ್ತು? ಆಮೇಲೆ ಯಾರೋ ಹೇಳಿದರು ಅಂತ ಒಬ್ಬರ ಪುಡಿ ತಂದೆ, ಡಬ್ಬಿಗೆ ₹1,800 ಇರಬೇಕು. ಎರಡು ವಾರದಲ್ಲಿ ಚರ್ಮ ಎಳೆ ಮಗುವಿನದರ ಹಾಗಾಯಿತು. ಡಬ್ಬಿ ಮುಗಿದದ್ದೇ ತಡ, ಮೈಯೆಲ್ಲ ಕೆಂಪು. ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದು ಅಂತ ಚರ್ಮದ ಡಾಕ್ಟರ ಅನುಮಾನ. ಸ್ಟಿರಾಯ್ಡ್ ಹೊಟ್ಟೆಗೆ ಹೋಗಿ ದಿಢೀರನೆ ನಿಂತರೆ ಸೋರಿಯಾಸಿಸ್ ಹೀಗೇ ಕೆರಳುತ್ತದೆ, ಕೆಲವರಿಗೆ ಕೀವಿನ ಗುಳ್ಳೆಗಳೂ ಏಳುತ್ತವೆ. ಮೆಥೊಟ್ರೆಕ್ಸೇಟ್ ಕೂಡ ನುಂಗಿದ್ದೇನೆ, ವಾರಕ್ಕೊಮ್ಮೆ. ಮಾತ್ರೆ ಅಗ್ಗ, ಲಿವರ್ ಟೆಸ್ಟ್ ದುಬಾರಿ. ಅದನ್ನು ನುಂಗುವಾಗ ಕುಡಿಯುವಂತಿಲ್ಲ, ನಮ್ಮ ಮದುವೆಗಳಲ್ಲಿ ಗ್ಲಾಸ್ ಬೇಡ ಅನ್ನುವುದು ಅದಕ್ಕಿಂತ ದುಬಾರಿ!

ಈ ಸಲ ಮೇ ತಿಂಗಳಲ್ಲೇ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡೆ. ಸೋಮವಾರದಿಂದ ಶುಕ್ರವಾರ ಕ್ಯಾಲ್ಸಿಪೊಟ್ರಿಯಾಲ್ (ವಿಟಮಿನ್ ಡಿ ಜಾತಿಯ ಮುಲಾಮು), ಶನಿವಾರ ಭಾನುವಾರ ಮಾತ್ರ ಕ್ಲೊಬೆಟಸಾಲ್ (ಸ್ಟಿರಾಯ್ಡ್ ಮುಲಾಮು). ಕಲೆ ಕಾಣದಿದ್ದರೂ ಹಳೇ ಜಾಗಕ್ಕೆ ತಪ್ಪದೆ. ಟ್ಯೂಬಿಗೆ ಐನೂರರ ಆಸುಪಾಸು, ನನಗೆ ಮೂರು ವಾರ ಬರುತ್ತದೆ. ಹಕ್ಕಳೆ ತೆಗೆಯುವ ಸ್ಯಾಲಿಸಿಲಿಕ್ ಆಸಿಡ್ ಮುಲಾಮನ್ನು ಕ್ಯಾಲ್ಸಿಪೊಟ್ರಿಯಾಲ್ ಜೊತೆ ಹಚ್ಚಬೇಡಿ, ಆಸಿಡ್ ಅದನ್ನು ಕೆಡಿಸುತ್ತದೆ. ಬಿಸಿಲೂ ಕೆಡಿಸುತ್ತದೆ. ಅದಕ್ಕೇ ಬಿಸಿಲು ಬಿದ್ದ ದಿನ ಮೊದಲು ಕಣದಲ್ಲಿ ಹತ್ತು ನಿಮಿಷ ನಿಂತು, ಒಳಗೆ ಬಂದ ಮೇಲೆ ಹಚ್ಚುತ್ತೇನೆ.

ಜಗಳ ಆದದ್ದು ಸ್ನಾನದ ವಿಷಯಕ್ಕೆ. ನಮ್ಮಲ್ಲಿ ಮಳೆಗಾಲದಲ್ಲಿ ಹಂಡೆ ಕುದಿಯಬೇಕು, ಮೈ ಹೊಗೆಯಾಡಬೇಕು. ನಾನು ಉಗುರುಬೆಚ್ಚಗಿನ ನೀರು ಕೇಳಿದರೆ ಚಿಕ್ಕಮ್ಮ, "ಶೀತ ಆಗಿ ಸಾಯ್ತೀಯಾ" ಅಂದರು. ಸಾಯಲಿಲ್ಲ. ಸುಡುನೀರು ಬಿಟ್ಟ ಮೇಲೇ ಹಾಸಿಗೆಯಲ್ಲಿ ಹೊಟ್ಟು ಉದುರುವುದು ಕಮ್ಮಿಯಾದದ್ದು. ಟವೆಲ್ಲಿನಿಂದ ಉಜ್ಜದೆ ಸುಮ್ನೆ ಒತ್ತಿ, ಮೈ ಹಸಿ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ ಬಳಿಯುತ್ತೇನೆ. ಪರಿಮಳದ ಕ್ರೀಮು ಬೇಡವೇ ಬೇಡ. ತಲೆಗೆ ರಾತ್ರಿ ತೆಂಗಿನೆಣ್ಣೆ, ಬೆಳಿಗ್ಗೆ ಟಾರ್ ಶಾಂಪೂ. ಎಣ್ಣೆಗೆ ಇನ್ನೊಂದು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನು ಜಿಗಣೆ. ಗಾಯವಾದ ಕಡೆ ಹೊಸ ಕಲೆ ಏಳುವುದು ಈ ರೋಗದ ಗುಣ, ನಿಮಗೂ ಗೊತ್ತು. ಹಿಂದೆ ಜಿಗಣೆ ಕಚ್ಚಿ, ನಾನು ಕೆರೆದು, ಕಾಲ ಮೇಲೆ ಸಾಲಾಗಿ ಬಿಲ್ಲೆಗಳು ಎದ್ದಿದ್ದವು. ಗಮ್‌ಬೂಟಿನ ಅಂಚು ಉಜ್ಜುವ ಕಡೆ ಬಳೆಯ ಹಾಗೆ ಒಂದು ಸುತ್ತು. ಈಗ ಒಳಗೆ ಹತ್ತಿ ಕಾಲುಚೀಲ, ಅದರ ಮೇಲೆ ಮೊಣಕಾಲಿನವರೆಗೆ ಜಿಗಣೆ ತಡೆಯುವ ಚೀಲ, ಆಮೇಲೆ ಬೂಟು. ಕಾಫಿಗೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಿಸುವ ದಿನ ತೋಳಿಗೆ ಉದ್ದ ಕೈಗವಸು.

ನಡುವೆ ಒಂದು ಪ್ರಯೋಗ. ಕೊಡವರ ಕಕ್ಕಡ ತಿಂಗಳ 18ಕ್ಕೆ ಪಾಯಸ ಮಾಡಿ ಉಳಿದ ಮದ್ದುಸೊಪ್ಪಿನ ರಸವನ್ನು ಎಡ ಮೊಣಕೈಗೆ ಮಾತ್ರ ಹಚ್ಚಿ ನೋಡಿದೆ. ಬಲಗೈ ಮಾಮೂಲಿ ಮುಲಾಮಿನಲ್ಲೇ ಇತ್ತು. ಎಡಗೈ ನೇರಳೆ ಬಣ್ಣಕ್ಕೆ ತಿರುಗಿತು, ಅಷ್ಟೇ ಲಾಭ. ಗೆಳೆಯನೊಬ್ಬ ಕಾಚಂಪುಳಿ (ನಮ್ಮ ಕಪ್ಪು ಹುಳಿ) ಹಚ್ಚು ಅಂದ. ಅದು ಪಂದಿಕರಿಗೇ (ಹಂದಿ ಸಾರಿಗೇ) ಇರಲಿ, ಅಲ್ವಾ?

ಉಗುರಿಗೆ ಮಾತ್ರ ಇನ್ನೂ ಯಾವುದೂ ಹಿಡಿದಿಲ್ಲ. ಸೂಜಿಯಲ್ಲಿ ಚುಚ್ಚಿದಂತೆ ಗುಳಿಗಳು ಹಾಗೇ ಇವೆ. ಉಗುರಿನ ಜೊತೆ ಬೆಳಿಗ್ಗೆ ಬೆರಳ ಗಂಟುಗಳೂ ಬಿಗಿದು ಊದುತ್ತಿದ್ದರೆ ಮುಲಾಮು ನಂಬಿ ಕೂರಬೇಡಿ, ಕೀಲಿನ ಡಾಕ್ಟರಿಗೆ ಬೇಗ ತೋರಿಸಿ. ಕೀಲು ಒಮ್ಮೆ ಸವೆದರೆ ಹಿಂದಕ್ಕೆ ಬರುವುದಿಲ್ಲ. ನನಗಿನ್ನೂ ಗಂಟು ಹಿಡಿದಿಲ್ಲ. ಉಗುರಿಗೆ ಯಾರಿಗಾದರೂ ಏನಾದರೂ ಹಿಡಿದಿದ್ದರೆ ಹೇಳಿ, ಎಣ್ಣೆಯ ಗುಟ್ಟು ಬದಲಿಗೆ ಕೊಡುತ್ತೇನೆ.