ಎಐ ಹೇಳಿದ ಪೈಪು, ಮಡಿಕೇರಿಯ ಮಳೆ

ಮಡಿಕೇರಿ ಹತ್ತಿರದ ಕಾಫಿ ಗೋದಾಮಿನ 300 ಚದರ ಮೀಟರ್ ಚಾವಣಿಗೆ ಮಳೆನೀರಿನ ಪೈಪ್ ಲೆಕ್ಕ ಹಾಕಬೇಕಿತ್ತು. ಎಐಗೆ ವರ್ಷಕ್ಕೆ 3000 ಮಿ.ಮೀ. ಮಳೆ ಅಂತಷ್ಟೇ ಹೇಳಿದ್ದೆ. ಎರಡಿಂಚಿನ ಒಂದು ಪೈಪ್ ಸಾಕು ಎಂದಿತು. ನಂಬಿ ಹಾಕಿಸಿದೆ. ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಜೋರು ಮಳೆಗೆ ಸೂರಿನ ಗಟರ್ ಉಕ್ಕಿ, ಒಳಗಿದ್ದ ಮೂಟೆಗಳು ಒದ್ದೆಯಾದವು. ತುಂಬಾ ಬೇಜಾರಾಯಿತು.

ಲೆಕ್ಕದ ಒಂದೊಂದು ಹೆಜ್ಜೆಯನ್ನೂ ಯೂನಿಟ್ ಸಮೇತ ತೋರಿಸು ಎಂದಾಗ ತಪ್ಪು ಸಿಕ್ಕಿತು. ಇಡೀ ವರ್ಷದ ಮಳೆಯನ್ನು ಸುಮ್ನೆ ದಿನಗಳಿಗೆ ಹಂಚಿಬಿಟ್ಟಿತ್ತು. ಪೈಪಿಗೆ ಮುಖ್ಯ ಜೋರಾಗಿ ಸುರಿಯುವಾಗ ಗಂಟೆಗೆ ಎಷ್ಟು ಅನ್ನೋದು, ಅಲ್ವಾ? ಅದನ್ನು ನಾನೇ ಹೇಳಬೇಕಿತ್ತು. ಗಂಟೆಗೆ 100 ಮಿ.ಮೀ. ಹಿಡಿದು ಕೈಯಲ್ಲೇ ಲೆಕ್ಕ ಹಾಕಿದೆ: ಗಂಟೆಗೆ 30,000 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 8.3 ಲೀಟರ್. ಅದೇ ಅಂಕಿ ಕೊಟ್ಟಾಗ ಎಐ ಲೆಕ್ಕವೂ ತಾಳೆಯಾಯಿತು. 110 ಮಿ.ಮೀ.ನ ಮೂರು ಪೈಪ್ ಇಳಿಸಿದೆವು. ಆಮೇಲೆ ಗಟರ್ ಉಕ್ಕಿಲ್ಲ.