ಪಿಕಪ್‌ನ ಹಿಂದಿನ ಶಾಕ್ ಅಬ್ಸಾರ್ಬರ್ ಮನೆಯಂಗಳದಲ್ಲೇ ಬದಲಿಸುವುದು

ಲೋಡ್ ಹಾಕಿದರೆ ಗಾಡಿಯ ಹಿಂಭಾಗ ಕುಸಿಯುತ್ತದೆ ಎಂದು ಶಾಕ್ ಅಬ್ಸಾರ್ಬರ್ ಬದಲಿಸಲು ಹೊರಟಿದ್ದರೆ ದುಡ್ಡು ದಂಡ. ಭಾರ ಹೊರುವುದು ಪ್ಲೇಟುಗಳು, ಅಂದರೆ ಲೀಫ್ ಸ್ಪ್ರಿಂಗ್. ಹಂಪ್ ದಾಟಿದಾಗ ಪ್ಲೇಟ್ ಒಮ್ಮೆ ಅದುಮಿಕೊಂಡು ಮೇಲಕ್ಕೆ ಚಿಮ್ಮುತ್ತದಲ್ಲ, ಆ ಕುಣಿತವನ್ನು ಒಂದೆರಡು ಅಲುಗಾಟದಲ್ಲೇ ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರ್ ಕೆಲಸ. ಒಳಗಿನ ಪಿಸ್ಟನ್ ಎಣ್ಣೆಯನ್ನು ಸಣ್ಣ ಕಿಂಡಿಗಳ ಮೂಲಕ ನೂಕುತ್ತದೆ, ಕುಲುಕಾಟದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಪ್ಲೇಟ್ ಸತ್ತಿದ್ದರೆ ಪ್ಲೇಟನ್ನೇ ನೋಡಬೇಕು.

ಇಲ್ಲಿ ಹೇಳುತ್ತಿರುವುದು ಹಿಂದಿನ ಜೋಡಿಯ ಕೆಲಸ. ಪ್ಲೇಟ್ ಸ್ಪ್ರಿಂಗ್ ಮೇಲೆ ಕೂತ ಗಟ್ಟಿ ಆಕ್ಸಲ್ (ಎರಡೂ ಚಕ್ರ ಸೇರಿಸುವ ಒಂದೇ ದಂಡ) ಇರುವ ಪಿಕಪ್‌ಗಳಲ್ಲಿ ಇದನ್ನು ಎರಡು ಮೂರು ಗಂಟೆಯಲ್ಲಿ ಮನೆಯಲ್ಲೇ ಮಾಡಬಹುದು. ಟಾಟಾ ಏಸ್‌ನಂತೆ ಮುಂದೆಯೂ ಪ್ಲೇಟ್ ಇರುವ ಗಾಡಿಗಳಿಗೆ ಮುಂದಿನದಕ್ಕೂ ಇದೇ ಕ್ರಮ. ಆದರೆ ಟೊಯೊಟಾ ಹೈಲಕ್ಸ್, ಇಸುಝು ವಿ-ಕ್ರಾಸ್‌ಗಳ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರ್ ಸುತ್ತಲೇ ಕಾಯಿಲ್ ಸ್ಪ್ರಿಂಗ್ ಅದುಮಿ ಕೂರಿಸಿರುತ್ತಾರೆ. ಅದರ ತಲೆಯ ನಡುವಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ, ಪ್ರಾಣ ಹೋಗಬಹುದು. ಅದನ್ನು ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೇ ಬಿಡಿ.

ಹೋಗಿದೆಯೇ ಇಲ್ಲವೇ

ಕಾರಿನಂತೆ ಹಿಂಭಾಗ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯಿತು ಎಂದು ಎಣಿಸುವ ಪರೀಕ್ಷೆ ಪಿಕಪ್‌ಗೆ ಆಗಿಬರುವುದಿಲ್ಲ. ಖಾಲಿ ಗಾಡಿಯ ಪ್ಲೇಟುಗಳು ಇಬ್ಬರು ಹತ್ತಿ ಕುಣಿದರೂ ಸರಿಯಾಗಿ ಬಾಗುವುದಿಲ್ಲ. ಜತೆಗೆ ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದಲೇ ಒಂದಷ್ಟು ತಡೆ ಸಿಗುತ್ತದೆ. ಹಾಗಾಗಿ ಪೂರ್ತಿ ಸತ್ತ ಶಾಕ್ ಅಬ್ಸಾರ್ಬರ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಕಣ್ಣಿನಿಂದ ನೋಡುವುದೇ ಮೇಲು. ಕೆಳಗೆ ತೂರಿ ಕೊಳವೆಯನ್ನು ಗಮನಿಸಿ. ಮೇಲ್ಭಾಗದಲ್ಲಿ ಸ್ವಲ್ಪ ಬೆವರಿದಂತೆ ಎಣ್ಣೆಯ ತೆಳು ಪದರ ಇದ್ದರೆ ಗಾಬರಿ ಬೇಡ, ರಾಡ್ ಜತೆ ಅಷ್ಟು ಎಣ್ಣೆ ಹೊರಬರುವುದು ಸಹಜ. ಸೀಲ್ ಹೋದದ್ದು ಬೇರೆಯೇ ರೀತಿ ಕಾಣುತ್ತದೆ: ಎಣ್ಣೆ ಧಾರೆಯಾಗಿ ಇಳಿದು, ಅದಕ್ಕೆ ಕೆಮ್ಮಣ್ಣಿನ ಧೂಳು ಮೆತ್ತಿ, ಕೆಳಗಿನ ಅರ್ಧ ಕೊಳವೆಗೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ. ಬೆರಳಿನಿಂದ ಕೆರೆದರೆ ಅಡಿಯಲ್ಲಿ ಇನ್ನೂ ಹಸಿ. ಅಂಥದ್ದು ಬದಲಿಸಲೇಬೇಕು. ಟೈರಿನ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ಹಳ್ಳ ದಿಣ್ಣೆ ಸಿಕ್ಕರೆ ಚಕ್ರ ರಸ್ತೆಯ ಮೇಲೆ ಪುಟಿಯುತ್ತಿದೆ ಎಂದು ಲೆಕ್ಕ. ಶಾಕ್ ಅಬ್ಸಾರ್ಬರ್ ಹೋದಾಗ ಹೀಗಾಗುತ್ತದೆ, ವೀಲ್ ಬ್ಯಾಲೆನ್ಸ್ ಕೆಟ್ಟರೂ ಆಗಬಹುದು. ಹತ್ತು ಹದಿನೈದು ಕಿ.ಮೀ. ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದು ಎರಡೂ ಕೊಳವೆಯನ್ನು ಮೆಲ್ಲಗೆ ಮುಟ್ಟಿ ನೋಡಿ. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದು ಕೆಲಸ ಮಾಡಿಲ್ಲ.

ಅನುಮಾನ ಉಳಿದರೆ ಕೆಳಗಿನ ಬೋಲ್ಟ್ ಒಂದನ್ನೇ ಬಿಚ್ಚಿ ಕೈಯಿಂದ ಎಳೆದು ಒತ್ತಿ. ಎರಡೂ ಕಡೆಗೆ ಮೊದಲಿಂದ ಕೊನೆವರೆಗೂ ಬಿಗಿತ ಸಿಗಬೇಕು, ಒತ್ತುವಾಗಿಗಿಂತ ಎಳೆಯುವಾಗ ಇನ್ನಷ್ಟು ಜಾಸ್ತಿ. ನಡುವೆ ಎಲ್ಲಾದರೂ ಸರ್ರನೆ ಜಾರಿದರೆ ಮುಗಿಯಿತು. ಬರೀ ಟಕ್ ಟಕ್ ಸದ್ದು ಬರುತ್ತಿದ್ದು ಎಳೆತ ಚೆನ್ನಾಗಿದ್ದರೆ ತುದಿಯ ಬೋಲ್ಟ್ ಸುತ್ತ ಕೂತಿರುವ ರಬ್ಬರ್ ಬುಷ್ ಮಾತ್ರ ಹೋಗಿರಬಹುದು. ಬುಷ್ ಬಿಡಿಯಾಗಿ ಸಿಗುವ ಮಾದರಿಯಾದರೆ ಅಷ್ಟನ್ನೇ ಹಾಕಿ.

ಕೊಳ್ಳುವಾಗ

ಒಂದು ಆಕ್ಸಲ್‌ಗೆ ಯಾವಾಗಲೂ ಜೋಡಿಯಾಗಿಯೇ ಹಾಕಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಸವೆದದ್ದು ಇದ್ದರೆ ಗುಂಡಿಗೆ ಇಳಿದಾಗ ಹಿಂಭಾಗ ಒಂದು ಪಕ್ಕಕ್ಕೆ ಎಗರುತ್ತದೆ. ಜತೆಗೆ ನಾಲ್ಕು ಹೊಸ ಲಾಕ್ ನಟ್ ತನ್ನಿ. ನೈಲಾನ್ ಬಳೆಯಿರುವ ನಟ್ ಒಮ್ಮೆ ಬಿಚ್ಚಿದರೆ ಮೊದಲಿನ ಹಿಡಿತ ಕೊಡುವುದಿಲ್ಲ.

ಗಾಡಿಯ ಮಾದರಿ, ವರ್ಷ ಹೇಳಿದರೆ ಅಂಗಡಿಯವರು ಕಂಪನಿ ಅಳತೆಯದನ್ನೇ ಕೊಡುತ್ತಾರೆ. ಆದರೆ ಟೊಮೆಟೊ ಕ್ರೇಟು, ಜಲ್ಲಿ, ಸಿಮೆಂಟು ಎಂದು ಭಾರ ಹೊರಲು ಹೆಚ್ಚುವರಿ ಪ್ಲೇಟ್ ಹಾಕಿಸಿದ ಗಾಡಿಗಳು ನಮ್ಮಲ್ಲಿ ಬಹಳ. ಅಂಥ ಗಾಡಿ ಖಾಲಿ ಇರುವಾಗ ಎತ್ತರಕ್ಕೆ ನಿಂತಿರುತ್ತದೆ, ಕಂಪನಿ ಅಳತೆಯ ಶಾಕ್ ಅಬ್ಸಾರ್ಬರ್ ಆಗಲೇ ಬಹುಪಾಲು ಎಳೆದುಕೊಂಡಿರುತ್ತದೆ. ಚಕ್ರ ಗುಂಡಿಗೆ ಇಳಿದ ಪ್ರತಿ ಸಲವೂ ಅದು ಕೊನೆಮುಟ್ಟಿ ಜಗ್ಗುತ್ತದೆ, ಕೆಲವೇ ತಿಂಗಳಲ್ಲಿ ರಾಡ್ ಕಿತ್ತು ಬರುತ್ತದೆ ಇಲ್ಲವೇ ಕಣ್ಣಿನ (ಬೋಲ್ಟ್ ತೂರುವ ತುದಿಯ ಬಳೆಯ) ವೆಲ್ಡಿಂಗ್ ಬಿಡುತ್ತದೆ. ಒಂದೇ ಗಾಡಿಯಲ್ಲಿ ಮತ್ತೆ ಮತ್ತೆ ಹಾಳಾಗುತ್ತಿದ್ದರೆ ಮಾಲಿನ ಗುಣಮಟ್ಟ ದೂರುವ ಮೊದಲು ಟೇಪ್ ಹಿಡಿದು ಅಳೆಯಿರಿ. ಚಾಸಿಯನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆಕ್ಸಲ್ ಪೂರ್ತಿ ಜೋತಾಡುವಾಗ ಮೇಲಿನ ಬೋಲ್ಟ್‌ನಿಂದ ಕೆಳಗಿನ ಬೋಲ್ಟ್‌ವರೆಗಿನ ದೂರ ಎಷ್ಟಿದೆಯೋ ಅದಕ್ಕಿಂತ 15ರಿಂದ 25 ಮಿ.ಮೀ. ಜಾಸ್ತಿ ತೆರೆದುಕೊಳ್ಳುವ ಶಾಕ್ ಅಬ್ಸಾರ್ಬರ್ ಬೇಕು. ಅಳೆಯುವಾಗ ಹಳೆಯದರ ಕೆಳತುದಿ ಬಿಚ್ಚಿರಬೇಕು, ಇಲ್ಲದಿದ್ದರೆ ಅದೇ ಆಕ್ಸಲನ್ನು ತಡೆದು ಅಳತೆ ತಪ್ಪುತ್ತದೆ. ಮುಚ್ಚಿದ ಅಳತೆಯೂ ಅಷ್ಟೇ ಮುಖ್ಯ: ಆಕ್ಸಲ್ ಮೇಲೆ ಬಂದು ರಬ್ಬರ್ ಸ್ಟಾಪರ್‌ಗೆ ಪೂರ್ತಿ ಒತ್ತಿದಾಗಲೂ ಶಾಕ್ ಅಬ್ಸಾರ್ಬರ್ ಒಳಗೆ ಇನ್ನೂ ಜಾಗ ಉಳಿದಿರಬೇಕು. ಕಣ್ಣಿನ ಅಗಲ, ಬುಷ್‌ನ ಒಳಗಿನ ರಂಧ್ರದ ಅಳತೆಯನ್ನು ಹಳೆಯದರ ಪಕ್ಕ ಇಟ್ಟು ಹೋಲಿಸಿ.

ಹಿಂದಿನ ದಿನವೇ ಶುರು

ಕೆಲಸ ನಾಳೆ ಬೆಳಿಗ್ಗೆ ಎಂದಾದರೆ ಇವತ್ತು ಸಂಜೆ ನಾಲ್ಕೂ ನಟ್‌ಗಳ ಹೊರಗೆ ಕಾಣುವ ಮರೆಯನ್ನು, ಅಂದರೆ ಥ್ರೆಡ್ಡನ್ನು, ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಕರಾವಳಿಯ ಗಾಡಿಗಳಿಗೆ ಇದು ಕಡ್ಡಾಯ, ಅಲ್ಲಿ ಬುಷ್‌ನ ಉಕ್ಕಿನ ಒಳಕೊಳವೆಯೂ ಬೋಲ್ಟೂ ಒಂದೇ ಲೋಹವೆಂಬಂತೆ ಬೆಸೆದುಕೊಂಡಿರುತ್ತವೆ.

ಬದಲಿಸುವಾಗ ಗಾಡಿಯನ್ನು ಎತ್ತಲೇಬೇಡಿ. ಸಮತಟ್ಟಾದ ಗಟ್ಟಿ ನೆಲದ ಮೇಲೆ, ಖಾಲಿ ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿಕೊಂಡೇ ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಕೈ ಎಟಕುತ್ತದೆ. ಚಕ್ರ ನೆಲದ ಮೇಲಿದ್ದರೆ ಆಕ್ಸಲ್ ಇದ್ದಲ್ಲೇ ಇರುತ್ತದೆ. ಎತ್ತಿದರೆ ಶಾಕ್ ಅಬ್ಸಾರ್ಬರ್ ಬಿಚ್ಚಿದ ಕ್ಷಣ ಆಕ್ಸಲ್ ಕೆಳಗೆ ಜೋತು ಬ್ರೇಕಿನ ರಬ್ಬರ್ ಹೋಸ್ ಜಗ್ಗುತ್ತದೆ. ಬೋಲ್ಟ್ ಬಿಗಿಯುವಾಗಲೂ ಇದರಿಂದ ದೊಡ್ಡ ಲಾಭವಿದೆ, ಅದು ಮುಂದೆ ಬರುತ್ತದೆ. ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ.

ಜಾಗ ಸಾಲದೆ ಎತ್ತಲೇಬೇಕಾದರೆ ಒಂದು ವಿಷಯ ನೆನಪಿರಲಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಹಿಂದಿನ ಚಕ್ರ ತಿರುಗಿಸುವ ಗಾಡಿಯಲ್ಲಿ ಗೇರ್ ಹಿಡಿಯುವುದೂ ಹಿಂದಿನದನ್ನೇ. ಅವು ನೆಲ ಬಿಟ್ಟ ಮೇಲೆ ಗಾಡಿಯನ್ನು ಹಿಡಿದಿರುವುದು ಮುಂದಿನ ಚಕ್ರದ ಕಲ್ಲು ಮಾತ್ರ. ಜಾಕ್ ಸ್ಟ್ಯಾಂಡನ್ನು ಆಕ್ಸಲ್ ಕೊಳವೆಯ ಕೆಳಗೆ, ಪ್ಲೇಟಿಗೆ ಹತ್ತಿರವಾಗಿ ಎರಡೂ ಕಡೆ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಸಿಮೆಂಟ್ ಇಟ್ಟಿಗೆ, ಹಾಲೋ ಬ್ಲಾಕ್ ಇಡಲೇಬೇಡಿ. ಅವು ಬಿರುಕಿನ ಸುಳಿವೂ ಕೊಡದೆ ಪುಡಿಯಾಗುತ್ತವೆ.

ಬಿಚ್ಚುವುದು

ಬಿಚ್ಚುವ ಮೊದಲು ಎರಡೂ ಕಡೆಯ ಫೋಟೊ ತೆಗೆದುಕೊಳ್ಳಿ. ಹೈಲಕ್ಸ್‌ನಂಥ ಗಾಡಿಗಳಲ್ಲಿ ಒಂದು ಶಾಕ್ ಅಬ್ಸಾರ್ಬರ್ ಆಕ್ಸಲ್ ಮುಂದೆ, ಇನ್ನೊಂದು ಹಿಂದೆ ಇರುತ್ತದೆ. ಅದು ತಪ್ಪಲ್ಲ, ಜೋರಾಗಿ ಎಳೆಯುವಾಗ ಆಕ್ಸಲ್ ತಿರುಚಿ ಕುಣಿಯದಿರಲಿ ಎಂದು ಹಾಗೆ ಕೊಟ್ಟಿರುವುದು. ವಾಷರ್‌ಗಳು ಯಾವ ಮುಖ ಹೊರಗಿದ್ದವು ಎಂಬುದೂ ಫೋಟೊದಲ್ಲಿ ಸಿಗುತ್ತದೆ. ಒಂದು ಕಡೆಯದು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿ.

ಕೆಳಗಿನ ನಟ್ ಮೊದಲು. ಓಪನ್ ಸ್ಪ್ಯಾನರ್ ಬೇಡ, ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಹಾಕಿ. ತುಕ್ಕು ಹಿಡಿದ ನಟ್‌ನ ಮೂಲೆ ಒಮ್ಮೆ ದುಂಡಗಾದರೆ ಅರ್ಧ ದಿನ ಹೋಯಿತು. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಮತ್ತೆ ಬಿಚ್ಚಿ. ಬೋಲ್ಟ್ ಹೊರಗೆ ಬಾರದಿದ್ದರೆ ನಟ್ಟನ್ನು ಬೋಲ್ಟ್ ತುದಿಯ ಸಮಕ್ಕೆ ತಿರುಗಿಸಿಟ್ಟು ಮರದ ತುಂಡು ಅಡ್ಡ ಹಿಡಿದು ಹೊಡೆಯಿರಿ, ಮರೆ ಉಳಿಯುತ್ತದೆ.

ಬೋಲ್ಟ್ ಬದಲು ಆಕ್ಸಲ್‌ಗೇ ವೆಲ್ಡ್ ಆದ ಪಿನ್ ಇದ್ದು, ಬುಷ್ ಅದಕ್ಕೆ ಕಚ್ಚಿಕೊಂಡಿದ್ದರೆ ಜಗ್ಗಬೇಡಿ. ಕೊಳವೆಯನ್ನು ಹಿಡಿದು ಹಿಂದೆ ಮುಂದೆ ತಿರುಚಿ. ಅದಕ್ಕೂ ಬಗ್ಗದಿದ್ದರೆ ಚಾಕುವಿನಿಂದ ರಬ್ಬರನ್ನೇ ಕತ್ತರಿಸಿ ಶಾಕ್ ಅಬ್ಸಾರ್ಬರ್ ತೆಗೆಯಿರಿ. ಪಿನ್ ಮೇಲೆ ಉಳಿದ ಉಕ್ಕಿನ ಒಳಕೊಳವೆಗೆ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಒಂದು ಗೀರು ಹಾಕಿ. ಬ್ಲೇಡ್ ಪಿನ್ ಮುಟ್ಟುವ ಮೊದಲೇ ನಿಲ್ಲಿಸಿ, ಗೀರಿಗೆ ಉಳಿ ಇಟ್ಟು ಒಂದು ಏಟು ಕೊಟ್ಟರೆ ಕೊಳವೆ ಬಿರಿದು ಸಡಿಲಾಗುತ್ತದೆ. ಗ್ಯಾಸ್ ಬೆಂಕಿ ಹಿಡಿದು ಸುಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಎಣ್ಣೆ, ಗ್ಯಾಸ್ ತುಂಬಿ ಮುಚ್ಚಿದ ಕೊಳವೆ ಅದು, ಬಿಸಿಗೆ ಸಿಡಿಯುತ್ತದೆ. ಪಕ್ಕದಲ್ಲೇ ಬ್ರೇಕ್ ಹೋಸ್, ಡೀಸೆಲ್ ಪೈಪ್, ವೈರಿಂಗ್ ಹಾದುಹೋಗಿರುತ್ತವೆ.

ಮೇಲ್ತುದಿ ಕಣ್ಣಿನ ಬದಲು ನೇರ ರಾಡ್ ಆಗಿದ್ದರೆ ನಟ್ ಜತೆ ರಾಡೂ ಸುತ್ತುತ್ತದೆ. ರಾಡ್ ತುದಿಯ ಚಪ್ಪಟೆ ಭಾಗವನ್ನು ಸಣ್ಣ ಸ್ಪ್ಯಾನರ್‌ನಿಂದ ಹಿಡಿದು ನಟ್ ಬಿಚ್ಚಿ. ಎಸೆಯುವ ಹಳೆಯದಾದರೆ ರಾಡನ್ನೇ ಗ್ರಿಪ್ ಪ್ಲೈಯರ್‌ನಿಂದ ಹಿಡಿದರೂ ನಡೆಯುತ್ತದೆ. ಹೊಸದಕ್ಕೆ ಮಾತ್ರ ಪ್ಲೈಯರ್ ತಾಗಿಸಬೇಡಿ. ಹೊಳೆಯುವ ರಾಡ್ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಪ್ರತಿ ಸಲ ಒಳಹೋಗುವಾಗ ಅದು ಸೀಲನ್ನು ಕೊಯ್ಯುತ್ತದೆ.

ಕೆಲಸ ಮಾಡುವಾಗ ಆಕ್ಸಲ್‌ನಿಂದ ಚಾಸಿಗೆ ಹೋಗುವ ಒಂದು ಸಣ್ಣ ಕಂಬಿ ಕಂಡರೆ ಅದನ್ನು ಬಗ್ಗಿಸಬೇಡಿ, ಬಿಚ್ಚಬೇಡಿ. ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವಿನ ಕಂಬಿ ಅದು.

ಹೊಸದನ್ನು ಹದಗೊಳಿಸುವುದು

ಅಂಗಡಿಯಲ್ಲಿ ಅಡ್ಡ ಮಲಗಿಸಿಟ್ಟ, ಒಂದರೊಳಗೊಂದು ಎರಡು ಕೊಳವೆಯ ಶಾಕ್ ಅಬ್ಸಾರ್ಬರ್‌ನಲ್ಲಿ ಗಾಳಿ ಒಳಕೊಳವೆಗೆ ಸೇರಿಕೊಂಡಿರುತ್ತದೆ. ಹಾಗೇ ಹಾಕಿದರೆ ಮೊದಮೊದಲು ಪೊಳ್ಳು ಹೊಡೆದು ಸದ್ದು ಮಾಡುತ್ತದೆ, ಹೊಸ ಮಾಲೇ ಕೆಟ್ಟದ್ದು ಎಂದು ಅಂಗಡಿಗೆ ವಾಪಸ್ ಒಯ್ಯುವವರಿದ್ದಾರೆ. ರಾಡ್ ಮೇಲೆ ಬರುವಂತೆ ನೇರ ನಿಲ್ಲಿಸಿ ಪೂರ್ತಿ ಎಳೆಯಿರಿ. ತಲೆಕೆಳಗು ಮಾಡಿ ಪೂರ್ತಿ ಒತ್ತಿ. ಮತ್ತೆ ನೇರ ಮಾಡಿ ಎಳೆಯಿರಿ. ಹೀಗೆ ನಾಲ್ಕೈದು ಸಲ ಆದ ಮೇಲೆ ಮೊದಲಿಂದ ಕೊನೆವರೆಗೂ ಒಂದೇ ಬಿಗಿತ ಸಿಗುತ್ತದೆ. ಆಮೇಲೆ ಮಲಗಿಸದೆ ನೇರವಾಗಿಯೇ ಒಯ್ದು ಹಾಕಿ. ಒಂದೇ ಕೊಳವೆಯ ಗ್ಯಾಸ್ ಮಾದರಿಗೆ ಇದು ಬೇಕಿಲ್ಲ.

ಗ್ಯಾಸ್ ತುಂಬಿದ್ದಾದರೆ ಅದುಮಿ ಪಟ್ಟಿ ಕಟ್ಟಿ ಕೊಟ್ಟಿರುತ್ತಾರೆ. ಎರಡು ಕೊಳವೆಯದಾದರೆ ಹದಗೊಳಿಸಲು ಪಟ್ಟಿ ಬಿಚ್ಚಿ, ಕೊನೆಗೆ ಒತ್ತಿ ಮತ್ತೆ ಕಟ್ಟಿಕೊಳ್ಳಿ. ಮೇಲಿನ ತುದಿ ಕೂರಿಸುವ ತನಕ ಆ ಪಟ್ಟಿ ಇರಲಿ. ಬಿಚ್ಚಿದರೆ ರಾಡ್ ತಾನಾಗಿ ಮೆಲ್ಲಗೆ ಹೊರಬರುತ್ತದೆ.

ಕೂರಿಸುವುದು, ಬಿಗಿಯುವುದು

ಧೂಳಿನ ಕವರ್ ಇರುವ ಭಾಗ ಮೇಲೆ, ಎಣ್ಣೆ ತುಂಬಿದ ಕೊಳವೆ ಕೆಳಗೆ. ಎರಡು ಕೊಳವೆಯದನ್ನು ತಿರುಗಾಮುರುಗಾ ಹಾಕಿದರೆ ವಾಲ್ವಿಗೆ ಎಣ್ಣೆಯ ಬದಲು ಗಾಳಿ ಸಿಕ್ಕು ಕೆಲಸವೇ ಮಾಡುವುದಿಲ್ಲ. ಮೇಲಿನ ಬೋಲ್ಟ್ ಹಾಕಿ ನಟ್ಟನ್ನು ಕೈಯಿಂದ ಸುತ್ತಿ ಬಿಡಿ, ಬಿಗಿಯಬೇಡಿ. ಕೆಳಗಿನ ಕಣ್ಣು ಸೇರುವಷ್ಟು ಕೊಳವೆಯನ್ನು ಒತ್ತಿ ಹಿಡಿದು ಬೋಲ್ಟ್ ತೂರಿಸಿ. ರಬ್ಬರ್ ಜಾರಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್, ಗ್ರೀಸ್ ತಾಗಿದರೆ ರಬ್ಬರ್ ಊದಿ ಮೆತ್ತಗಾಗುತ್ತದೆ. ಉಕ್ಕಿನ ಒಳಕೊಳವೆಯೊಳಗೆ ಹೋಗುವ ಬೋಲ್ಟಿನ ನುಣುಪು ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸ್ ಸವರಿ, ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ.

ಕೊನೆಯ ಬಿಗಿತ ಗಾಡಿಯ ಭಾರ ಚಕ್ರದ ಮೇಲಿರುವಾಗಲೇ ಆಗಬೇಕು. ಎಷ್ಟೋ ಹೊಸ ಬುಷ್‌ಗಳು ಬೇಗ ಹರಿಯುವುದು ಇದನ್ನು ತಪ್ಪಿದ್ದಕ್ಕೇ. ಬುಷ್‌ನ ಒಳಕೊಳವೆ ಬೋಲ್ಟಿನ ಬಿಗಿತಕ್ಕೆ ಅಲ್ಲಾಡದೆ ನಿಲ್ಲುತ್ತದೆ, ಆಕ್ಸಲ್ ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ನಡುವಿನ ರಬ್ಬರ್. ಆಕ್ಸಲ್ ಜೋತಾಡುವಾಗ ಬಿಗಿದು ಗಾಡಿ ಕೆಳಗಿಳಿಸಿದರೆ ರಬ್ಬರ್ ಸುಮ್ಮನೆ ನಿಂತಾಗಲೂ ತಿರುಚಿಕೊಂಡೇ ಇರುತ್ತದೆ, ಪ್ರತಿ ಗುಂಡಿಯಲ್ಲೂ ಇನ್ನಷ್ಟು ತಿರುಚಿ ಹರಿಯುತ್ತದೆ. ಗಾಡಿ ಎತ್ತದೆ ಮಾಡಿದ್ದರೆ ಈ ತೊಂದರೆ ತಾನಾಗಿ ತಪ್ಪಿತು.

ಎಷ್ಟು ಬಿಗಿಯಬೇಕು ಎಂಬುದಕ್ಕೆ ಗಾಡಿಯ ಮ್ಯಾನ್ಯುಯಲ್ ಅಂಕಿಯೇ ಕೊನೆಯ ಮಾತು. ಅಂದಾಜಿಗೆ, ತಲೆಯ ಮೇಲೆ 8.8 ಎಂದು ಬರೆದ 12 ಮಿ.ಮೀ. ಬೋಲ್ಟ್ ಸುಮಾರು 80 ನ್ಯೂಟನ್ ಮೀಟರ್ ತಾಳುತ್ತದೆ. ಟಾರ್ಕ್ ರೆಂಚ್ ಇಲ್ಲದವರಿಗೆ, 40 ಸೆಂ.ಮೀ. ಹಿಡಿಕೆಯ ತುದಿಯಲ್ಲಿ 20 ಕೆ.ಜಿ. ತೂಗು ಹಾಕಿದಷ್ಟು ಬಲ. ಒಳಗೆ ಉಕ್ಕಿನ ಕೊಳವೆ ಇಲ್ಲದ ಬರೀ ರಬ್ಬರ್ ಬುಷ್‌ಗೆ ಈ ಲೆಕ್ಕ ಬೇಡ: ರಬ್ಬರ್ ಉಬ್ಬಿ ವಾಷರ್‌ನ ಅಂಚಿನ ಅಗಲಕ್ಕೆ ಬಂದರೆ ಸಾಕು. ಅದಕ್ಕೂ ಮೀರಿ ಬಿಗಿದರೆ ರಬ್ಬರ್ ಹಿಂಡಿ ಹರಿಯುತ್ತದೆ.

ಹೊರಡುವ ಮೊದಲು ಟಾರ್ಚ್ ಹಿಡಿದು ಕೊಳವೆಗೂ ಟೈರಿಗೂ, ಬ್ರೇಕ್ ಪೈಪಿಗೂ, ಸೈಲೆನ್ಸರಿಗೂ ಬೆರಳು ತೂರುವಷ್ಟು ಅಂತರ ಇದೆಯೇ ನೋಡಿ. ಖಾಲಿ ಗಾಡಿಯನ್ನು ನಾಲ್ಕೈದು ಹಂಪ್ ಮೇಲೆ ನಿಧಾನ ಓಡಿಸಿ. ಸದ್ದು ಬಂದರೆ ಬಹುಪಾಲು ಮೇಲಿನ ನಟ್ ಸಡಿಲ ಇಲ್ಲವೇ ವಾಷರ್ ತಪ್ಪಿ ಕೂತಿದೆ. 100 ಕಿ.ಮೀ. ಓಡಿದ ಮೇಲೆ, ಒಂದು ಸಲ ಲೋಡ್ ಹಾಕಿ ಇಳಿಸಿದ ನಂತರ, ನಾಲ್ಕೂ ನಟ್‌ಗೆ ಮತ್ತೆ ಸ್ಪ್ಯಾನರ್ ಕೊಟ್ಟು ನೋಡಿ. ಹಳೆಯವನ್ನು ಗುಜರಿಗೆ ಕೊಡುವಾಗ ಗ್ಯಾಸ್ ತುಂಬಿದ್ದು ಎಂದು ಹೇಳಿಯೇ ಕೊಡಿ, ಅಲ್ಲಿ ಅದನ್ನು ಕಟರ್ ಹಿಡಿದು ಕತ್ತರಿಸುವವರ ಮುಖದ ಮುಂದೆಯೇ ಸಿಡಿದೀತು.